ಸಹಿಗೊಂದು ಕಿಟಕಿ

ಒಂದು ರಟ್ಟಿನ ತುಂಡಿನಿಂದ ಒಬ್ಬ ಮನುಷ್ಯನಿಗೆ ಎಷ್ಟು ಕೊಬ್ಬು ಬರಬಹುದು ಎಂದು ತಿಳಿಯಬೇಕಾದರೆ ಕಿಟಕಿರಾಯನನ್ನು ನೋಡಬೇಕಿತ್ತು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು, ಸಂಬಳದ ದಿನ ಬಿಟ್ಟರೆ ಅದು ಯಾರಿಗೂ ನೆನಪಾಗುತ್ತಿರಲಿಲ್ಲ. ಏಳು ಸಲೂನುಗಳ ಯಜಮಾನನೊಬ್ಬನ ಹತ್ತಿರ ಅವನು ಮೇಲ್ವಿಚಾರಕ. ಏಳೂ ಅಂಗಡಿಗೆ ಒಂದೇ ಹಳದಿ ಬಣ್ಣ, ಒಂದೇ ಬಗೆಯ ಕನ್ನಡಿ, ಒಂದೇ ವಾಸನೆ: ಬಿಸಿ ಟವೆಲು, ಕೂದಲಿನ ಬಣ್ಣ, ನೆಲದ ಮೇಲಿನ ಒದ್ದೆ ಕೂದಲು. ಕತ್ತರಿ ಹಿಡಿಯುವ ಹೆಂಗಸರು ಬೆಳಗ್ಗೆ ಬಾಗಿಲು ತೆಗೆದಾಗ ನಿಂತರೆ ಅಂಗಡಿ ಮುಚ್ಚುವ ತನಕ ನಿಂತೇ ಇರಬೇಕು. ಗಿರಾಕಿಯ ಮುಂದೆ ಯಾರೂ ಕೂರಬಾರದು ಎನ್ನುವುದು ಯಜಮಾನನ ನಿಯಮ. ಆ ನಿಯಮ ಕಾಯುವುದು ಕಿಟಕಿರಾಯನ ಕೆಲಸ, ಅದೂ ಮೆತ್ತನೆಯ ಕುರ್ಚಿಯಲ್ಲಿ ಕೂತುಕೊಂಡು.

ವಯಸ್ಸು ಐವತ್ತರ ಆಸುಪಾಸು. ಎದೆಯ ಜೇಬಿನಲ್ಲಿ ಮೂರು ಪೆನ್ನು, ಅದರಲ್ಲೊಂದು ಹಸಿರು ಶಾಯಿಯದು. ದೊಡ್ಡವರು ಹಸಿರು ಶಾಯಿಯಲ್ಲಿ ಸಹಿ ಮಾಡುತ್ತಾರೆ ಎಂದು ಯಾರೋ ಹೇಳಿದ್ದನ್ನು ಕೇಳಿಸಿಕೊಂಡು, ದೊಡ್ಡವನಾಗುವುದಕ್ಕೆ ಅಷ್ಟೇ ಸಾಕು ಎಂದುಕೊಂಡವನು ಅವನು. ಸಹಿಯನ್ನು ಶಾಲೆಯಲ್ಲಿದ್ದಾಗಿನಿಂದ ಅಭ್ಯಾಸ ಮಾಡಿದ್ದ. ಬೇರೆ ಯಾವ ವಿಷಯದಲ್ಲೂ ಅವನು ಅಷ್ಟು ಶ್ರಮಪಟ್ಟ ದಾಖಲೆ ಇಲ್ಲ. ಮೊದಲಿಗೆ ಒಂದು ದೊಡ್ಡ ಸುರುಳಿ, ನಡುವೆ ದೇವರಿಗೂ ಓದಲಾಗದ ಎರಡು ಅಕ್ಷರ, ಕೊನೆಗೆ ಬಲಕ್ಕೆ ಉದ್ದಕ್ಕೆಳೆದ ಒಂದು ಗೆರೆ, ಗಾಳಿಪಟದ ಬಾಲಂಗೋಚಿಯ ಹಾಗೆ.

ರಟ್ಟಿನ ಕಥೆ ಹೀಗೆ. ಕೆಲಸಕ್ಕೆ ಸೇರಿದ ಒಬ್ಬ ಹುಡುಗಿ ಒಪ್ಪಂದದ ಕಾಗದದ ಮೇಲೆ ಸಹಿ ಹಾಕುವಾಗ ಅವಳ ಹೆಸರು ಏಣಿ ಹತ್ತಿದ ಹಾಗೆ ಮೇಲೇರಿ ಅಚ್ಚಿನ ಸಾಲುಗಳ ಮೇಲೆಯೇ ಹೋಗಿ ಕೂತಿತು. ಯಜಮಾನ ಕೂಗಾಡಿದ. "ಕಾಗದ ಕೆಡಿಸ್ತಾರಲ್ಲಯ್ಯಾ! ಸಹಿ ಹಾಕಿಸೋದಕ್ಕೂ ನಾನೇ ಬರ್ಬೇಕಾ?" ಕಿಟಕಿರಾಯ ಅವತ್ತೇ ಕೂದಲಿನ ಬಣ್ಣ ಬರುವ ಪೆಟ್ಟಿಗೆಯೊಂದನ್ನು ಹರಿದು, ಕಾಗದದಷ್ಟೇ ಅಳತೆಗೆ ಕತ್ತರಿಸಿ, ಕೆಳಗಡೆ ಕ್ಷೌರದ ಬ್ಲೇಡಿನಿಂದ ಚೌಕವಾದ ಒಂದು ಕಿಂಡಿ ಕೊರೆದ. ಅಂಚಿಗೆ ಟೇಪು ಅಂಟಿಸಿದ. ಒಪ್ಪಂದದ ಮೇಲೆ ಅದನ್ನು ಇಟ್ಟರೆ ಸಹಿಯ ಜಾಗ ಮಾತ್ರ ಕಾಣುತ್ತಿತ್ತು, ಉಳಿದ ಪುಟವೆಲ್ಲ ಮುಚ್ಚಿಹೋಗುತ್ತಿತ್ತು.

ಪುಟ ಮುಚ್ಚಿಹೋಗುವುದರ ಲಾಭ ಅವನಿಗೆ ಹೊಳೆದಿರಲಿಲ್ಲ. ಅಷ್ಟು ಬುದ್ಧಿ ಇದ್ದಿದ್ದರೆ ಅವನು ಯಜಮಾನನೇ ಆಗಿರುತ್ತಿದ್ದ. ಹೊಳೆದದ್ದು ಯಜಮಾನನಿಗೆ. ರಟ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಬುದ್ಧಿವಂತ ಕಣಯ್ಯಾ ನೀನು," ಎಂದು ಬೆನ್ನು ತಟ್ಟಿದ. ಆ ಒಂದು ಮಾತಿನ ಮೇಲೆ ಕಿಟಕಿರಾಯ ಹತ್ತು ವರ್ಷ ಬದುಕಿದ. ಸಂಬಳ ಏರಲಿಲ್ಲ, ರಜೆ ಸಿಗಲಿಲ್ಲ, ಆದರೂ ಮನೆಗೆ ಬಂದವರಿಗೆಲ್ಲ ಆ ಮಾತನ್ನು ಬಡಿಸುತ್ತಿದ್ದ. ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದ ಅವನ ಹೆಂಡತಿ ಮಾತ್ರ ಯಂತ್ರದಿಂದ ತಲೆ ಎತ್ತದೆ, "ಬುದ್ಧಿವಂತ ಅಂತ ಬಾಯಲ್ಲಿ ಹೇಳಿದ್ರೆ ಅವ್ರಿಗೇನು ಖರ್ಚು?" ಎನ್ನುತ್ತಿದ್ದಳು. ಹೆಂಡತಿಯ ಮಾತಿಗೆ ಕಿವಿಗೊಡುವಷ್ಟು ಸಣ್ಣ ಮನುಷ್ಯ ತಾನಲ್ಲ ಎಂದು ಅವನು ನಂಬಿದ್ದ. ಕಿಟಕಿರಾಯ ಎಂಬ ಹೆಸರನ್ನು ಸಲೂನಿನ ಹೆಂಗಸರು ಬೆನ್ನ ಹಿಂದೆ ಇಟ್ಟದ್ದು. ಅದು ಕಿವಿಗೆ ಬಿದ್ದಾಗ ಅವನು ಅದನ್ನು ಬಿರುದು ಎಂದುಕೊಂಡ.

ಆ ಹತ್ತು ವರ್ಷದ ನಡುವೆ ಒಮ್ಮೆ ಹೊಸ ಒಪ್ಪಂದ ಬಂತು. ಹಳೆಯದು ಒಂದೇ ಪುಟ ಇತ್ತು, ಹೊಸದು ಆರು. ಹಿಂದಿನ ಕೋಣೆಯಲ್ಲಿ, ಟವೆಲು ಒಣಹಾಕುವ ಹಗ್ಗದ ಕೆಳಗೆ, ಬಾಯ್ಲರಿನ ಪಕ್ಕಕ್ಕೆ ಅವನು ಒಂದು ಮೇಜು ಹಾಕಿಸಿದ. ಹೆಂಗಸರು ಒಬ್ಬರ ಹಿಂದೆ ಒಬ್ಬರು ನಿಂತರು. ಹೊರಗೆ ಗಿರಾಕಿಗಳು ತಲೆಗೆ ಬಣ್ಣ ಹಚ್ಚಿಸಿಕೊಂಡು ಕೂತಿದ್ದರು. ಬಣ್ಣವನ್ನು ಹೆಚ್ಚು ಹೊತ್ತು ಬಿಟ್ಟರೆ ನೆತ್ತಿ ಉರಿಯುತ್ತದೆ, ಗಿರಾಕಿ ಕೂಗಾಡುತ್ತಾಳೆ, ಬೈಗುಳ ತಿನ್ನುವುದು ಕತ್ತರಿ ಹಿಡಿದವಳು. ಸಹಿಗೆ ಆ ಹೊತ್ತನ್ನೇ ಆರಿಸಿ ಕೊಟ್ಟವನು ಯಜಮಾನ. ಅಂಥ ವಿಷಯಗಳಲ್ಲಿ ಅವನು ನಿಜವಾಗಿಯೂ ಬುದ್ಧಿವಂತ.

"ಎಲ್ರೂ ಇಲ್ಲಿ ನೋಡಿ. ಸಹಿ ಕಿಟಕಿ ಒಳಗೇ ಇರ್ಬೇಕು," ಎಂದು ಕಿಟಕಿರಾಯ ಪಾಠ ಶುರುಮಾಡಿದ. ತೋರಿಸಿಕೊಡುವುದಕ್ಕೆ ತನ್ನದೇ ಒಪ್ಪಂದವನ್ನು ತೆಗೆದ. ಶಿಸ್ತಿಗಿರಲಿ ಎಂದು ಯಜಮಾನ ಅವನಿಗೂ ಒಂದು ಮಾಡಿಸಿದ್ದ, ಅದರಲ್ಲಿ ಏಳು ಪುಟ. "ನಂದು ಒಂದು ಪುಟ ಜಾಸ್ತಿ," ಎಂದು ಹೆಂಗಸರಿಗೆ ಹೇಳಲು ಮರೆಯಲಿಲ್ಲ. ಹೆಚ್ಚು ಪುಟ ಎಂದರೆ ಹೆಚ್ಚು ಮರ್ಯಾದೆ, ಅದು ಅವನ ಗಣಿತ. ರಟ್ಟು ಇಟ್ಟ, ಹಸಿರು ಪೆನ್ನು ತೆಗೆದ, ಸುರುಳಿ ಸುತ್ತಿದ. ಬಾಲಂಗೋಚಿ ಕಿಟಕಿಯಲ್ಲಿ ಹಿಡಿಸದೆ ರಟ್ಟಿನ ಮೇಲೆ ಅರ್ಧ ಗೇಣು ಹರಿಯಿತು. ಅವನಿಗೆ ಅದೂ ಚೆಂದವೇ ಕಂಡಿತು.

ಸಾಲಿನಲ್ಲಿ ಎರಡನೆಯವಳು ಗುಂಗುರಕ್ಕ. ತಲೆತುಂಬ ಗುಂಗುರು ಕೂದಲು, ಊರಿನವರ ಕೂದಲನ್ನೆಲ್ಲ ನೆಟ್ಟಗೆ ಮಾಡಿದವಳ ತಲೆ ಮಾತ್ರ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಅವಳ ನಾಲಿಗೆಯೂ ಹಾಗೇ.

"ಇದ್ರಲ್ಲಿ ಏನಿದೆ ಸಾರ್?"

"ಎಲ್ಲಾ ನಿಮ್ಮ ಒಳ್ಳೇದಕ್ಕೇ ಇದೆ ಕಣಮ್ಮಾ. ಹಾಕು ಬೇಗ, ಹಿಂದೆ ಜನ ಇದಾರೆ."

"ರಟ್ಟು ಒಂಚೂರು ಎತ್ತಿ. ಒಳ್ಳೇದು ಹೇಗಿರತ್ತೆ ನೋಡ್ತೀನಿ."

"ಎತ್ತಿದ್ರೆ ಸಹಿ ಸೊಟ್ಟ ಆಗತ್ತೆ."

ಅಷ್ಟರಲ್ಲಿ ಹೊರಗಿನಿಂದ, "ಅಯ್ಯೋ, ಯಾರಾದ್ರೂ ಬನ್ರೀ, ತಲೆ ಉರೀತಿದೆ!" ಎಂದು ಗಿರಾಕಿಯ ಕೂಗು ಬಂತು. ಗುಂಗುರಕ್ಕ ಕಿಟಕಿಯಲ್ಲಿ ಹೆಸರು ಗೀಚಿ ಓಡಿದಳು. ನಿಜ ಏನೆಂದರೆ, ಆ ಪುಟಗಳಲ್ಲಿ ಏನಿದೆ ಎನ್ನುವುದು ಕಿಟಕಿರಾಯನಿಗೂ ಗೊತ್ತಿರಲಿಲ್ಲ. ನೂರಾರು ಜನರಿಂದ ಸಹಿ ಹಾಕಿಸಿದ ಆ ಮಹಾನುಭಾವ ತನ್ನ ಜೀವಮಾನದಲ್ಲಿ ಒಂದು ಒಪ್ಪಂದವನ್ನೂ ಮೊದಲಿನಿಂದ ಕೊನೆಯವರೆಗೆ ಓದಿರಲಿಲ್ಲ.

ವರ್ಷಗಟ್ಟಲೆ ನಿಂತು ನಿಂತು ಗುಂಗುರಕ್ಕನ ಕಾಲಿನ ನರಗಳು ಉಬ್ಬಿ ಹಗ್ಗದ ಗಂಟಾದವು. ಒಂದು ಸ್ಟೂಲು ಕೊಡಿಸಿ ಎಂದು ಕಿಟಕಿರಾಯನನ್ನು ಕೇಳಿದಳು. ಅವನು ಕೂತಲ್ಲಿಂದಲೇ, "ನಿಯಮ ಅಂದ್ರೆ ನಿಯಮ," ಎಂದ. ಮತ್ತೆ ಕೇಳಿದಳು, ಮತ್ತೆ ಅದೇ ಉತ್ತರ. ಮೂರನೆಯ ಸಲ ಅವಳು ಕೇಳಲಿಲ್ಲ, ಕೆಲಸ ಬಿಟ್ಟಳು. ಮನೆಯ ಮುಂದಿನ ಕೋಣೆಯಲ್ಲಿ ಒಂದು ಕನ್ನಡಿ ತೂಗುಹಾಕಿ, ಗಿರಾಕಿಗೊಂದು ಕುರ್ಚಿ ಇಟ್ಟು, ತನಗೆ ಚಕ್ರವಿರುವ ಒಂದು ಸ್ಟೂಲು ತಂದಳು. ಕೂತುಕೊಂಡೇ ಕುರ್ಚಿಯ ಸುತ್ತ ಉರುಳುತ್ತ ಕತ್ತರಿ ಆಡಿಸಿದಳು. ಹಳೆಯ ಗಿರಾಕಿಗಳು ಹುಡುಕಿಕೊಂಡು ಬಂದರು. ಹಳದಿ ಗೋಡೆ ನೋಡಿ ಯಾರೂ ತಲೆ ಕೊಡುವುದಿಲ್ಲ, ಕೈ ನೋಡಿ ಕೊಡುತ್ತಾರೆ. ಯಜಮಾನನಿಗೆ ಈ ಸಣ್ಣ ವಿಷಯ ತಡವಾಗಿ ತಿಳಿಯಿತು.

ತಿಳಿದ ಕೂಡಲೆ ನೋಟಿಸು ಕಳಿಸಿದ. ಒಪ್ಪಂದದ ಐದನೆಯ ಪುಟದ ಪ್ರಕಾರ, ಕೆಲಸ ಬಿಟ್ಟವಳು ಮೂರು ವರ್ಷ ಈ ಊರಿನಲ್ಲಿ ಎಲ್ಲಿಯೂ, ಯಾರ ಕೂದಲಿಗೂ ಕತ್ತರಿ ಹಾಕುವಂತಿಲ್ಲ. ಗುಂಗುರಕ್ಕ ನೋಟಿಸು ಹಿಡಿದು ಸಲೂನಿಗೆ ಬಂದಳು.

"ಇದೇನಾ ಸಾರ್ ನನ್ನ ಒಳ್ಳೇದು?"

"ನೀನೇ ಸಹಿ ಹಾಕಿದೀಯಲ್ಲಮ್ಮಾ," ಎಂದ ಕಿಟಕಿರಾಯ. "ಉಂಡ ಮನೆಗೆ ಎರಡು ಬಗೆಯೋ ಮುಂಚೆ ಯೋಚ್ನೆ ಮಾಡ್ಬೇಕಿತ್ತು."

"ಉಂಡೆನಾ? ನಿಮ್ಮ ಅಂಗಡಿಲಿ ಊಟಕ್ಕೂ ನಿಂತೇ ಇರ್ತಿದ್ವಲ್ಲ ಸಾರ್," ಎಂದು ಹೇಳಿ ಅವಳು ಹೊರಟುಹೋದಳು.

ಹೋದದ್ದು ಮನೆಗಲ್ಲ. ಕೈಯಲ್ಲಿ ಕಾಸಿಲ್ಲದವರಿಗೆ ಪುಕ್ಕಟೆ ವಾದಿಸುವ ಒಬ್ಬ ವಕೀಲೆಯ ಹತ್ತಿರ ಹೋದಳು. ಕೇಸು ನಡೆಯಿತು. ಕಿಟಕಿರಾಯನಿಗೆ ಸಾಕ್ಷಿ ಹೇಳುವ ಗೌರವ ಒದಗಿ ಬಂತು. ಅವನು ಹೊಸ ಷರ್ಟು ಹೊಲಿಸಿಕೊಂಡ, ಹೆಂಡತಿಯಿಂದಲೇ.

ಯಜಮಾನನ ವಕೀಲ ಮೈತುಂಬ ಕೋಟು, ಬಾಯಿತುಂಬ ಮಾತು. ಸಹಿ ಎಂದರೆ ಸಮ್ಮತಿ ಎಂದು ಶುರುಮಾಡಿದ. ಇವಳೊಬ್ಬಳೇ ಅಲ್ಲ, ಏಳು ಅಂಗಡಿಯ ಹೆಂಗಸರೆಲ್ಲ ಖುಷಿಯಿಂದ ಸಹಿ ಹಾಕಿದ್ದಾರೆ ಎಂದು ಅಷ್ಟೂ ಒಪ್ಪಂದಗಳ ಕಟ್ಟನ್ನು ತಂದು ನ್ಯಾಯಾಧೀಶೆಯ ಮೇಜಿನ ಮೇಲೆ ಪೇರಿಸಿದ. ನ್ಯಾಯಾಧೀಶೆ ವಯಸ್ಸಾದ ಹೆಂಗಸು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಒಂದೊಂದೇ ತೆರೆದು ನೋಡಿದರು. ಯಾರೂ ಕೇಳದಿದ್ದರೂ ಕಟ್ಟು ತಂದುಕೊಟ್ಟ ವಕೀಲ ಹೆಮ್ಮೆಯಿಂದ ಕೈಕಟ್ಟಿ ನಿಂತಿದ್ದ.

"ಇವ್ರೆಲ್ಲರ ಸಹಿನೂ ಬಲಗಡೆ ಒಂದೇ ಜಾಗದಲ್ಲಿ ತುಂಡಾಗಿದೆಯಲ್ಲ, ಯಾಕೆ?" ಎಂದು ಅವರು ಕೇಳಿದರು. "ಈಕೆ ಹೆಸರಿನ ಕೊನೆ ಅಕ್ಷರ ಅರ್ಧಕ್ಕೇ ನಿಂತಿದೆ. ಇವಳದೂ ಹಾಗೇ. ಎಲ್ರಿಗೂ ಒಂದೇ ಜಾಗದಲ್ಲಿ ಕೈ ನಡುಗಿತಾ?"

ವಕೀಲನಿಗೆ ಗೊತ್ತಿರಲಿಲ್ಲ. ಯಜಮಾನನಿಗೆ ಗೊತ್ತಿತ್ತು, ಅವನು ಮೇಲಿನ ಫ್ಯಾನನ್ನು ನೋಡತೊಡಗಿದ. ಸಾಕ್ಷಿ ಕಟಕಟೆಯಲ್ಲಿದ್ದ ಕಿಟಕಿರಾಯನಿಗೆ ಮಾತ್ರ ಈ ಪ್ರಶ್ನೆ ಅವಮಾನದಂತೆ ಕೇಳಿಸಿತು. ತಾನು ಹಾಕಿಸಿದ ಸಹಿಗಳನ್ನು ನೋಡಿ ಕೈ ನಡುಗಿತಾ ಎಂದು ಕೇಳುವುದೇ?

"ಕೈ ನಡುಗೋದಕ್ಕೆ ನಾನು ಬಿಟ್ರೆ ತಾನೇ ಮೇಡಂ!" ಎಂದ. ವಕೀಲ ಕೆಮ್ಮಿದ. ಅದನ್ನು ಕಿಟಕಿರಾಯ ಹುರಿದುಂಬಿಸುವ ಕೆಮ್ಮು ಎಂದುಕೊಂಡ. ಚೀಲಕ್ಕೆ ಕೈಹಾಕಿ ರಟ್ಟನ್ನು ಹೊರಗೆ ತೆಗೆದ. ಯಾವತ್ತಾದರೂ ಯಾರಾದರೂ ಕೇಳಿಯಾರು ಎಂದು ಅದನ್ನು ಜೊತೆಗೇ ಇಟ್ಟುಕೊಂಡಿರುತ್ತಿದ್ದ. ಒಪ್ಪಂದವೊಂದರ ಮೇಲೆ ಇಟ್ಟು ತೋರಿಸಿದ. "ಹೀಗೆ ಇಡೋದು. ಈ ಕಿಟಕಿಲಿ ಹಾಕಿಸೋದು. ಒಂದು ಪುಟ ಕೊಳೆ ಆಗಿದ್ರೆ ಕೇಳಿ. ನಂದೇ ಐಡಿಯಾ."

ನ್ಯಾಯಾಧೀಶೆ ರಟ್ಟನ್ನು ಕೈಗೆ ತೆಗೆದುಕೊಂಡರು. ಕಿಟಕಿಯ ಬಲ ಅಂಚಿನಲ್ಲಿ ನೀಲಿ, ಕಪ್ಪು, ಕೆಂಪು ಬಣ್ಣದ ತುಂಡು ತುಂಡು ಬಾಲಗಳು, ಎಷ್ಟೋ ಹೆಂಗಸರ ಹೆಸರಿನ ಉಳಿದರ್ಧ.

"ಅಂದ್ರೆ ಸಹಿ ಹಾಕೋವಾಗ ಅವ್ರಿಗೆ ಬೇರೆ ಏನೂ ಕಾಣ್ತಿರಲಿಲ್ಲ."

"ಏನೂ ಕಾಣಲ್ಲ ಮೇಡಂ! ಅದೇ ಅದರ ವಿಶೇಷ!"

ಹಿಂದಿನ ಬೆಂಚಿನಲ್ಲಿ ಯಾರೋ ಮೊದಲು ನಕ್ಕರು, ಆಮೇಲೆ ಇಡೀ ಕೋಣೆ ನಕ್ಕಿತು. ಕಿಟಕಿರಾಯನೂ ನಕ್ಕ, ತನ್ನನ್ನು ಮೆಚ್ಚಿ ನಗುತ್ತಿದ್ದಾರೆ ಎಂದುಕೊಂಡು. ಮೂರ್ಖನಿಗೆ ಬುದ್ಧಿ ಕಡಮೆ ಕೊಟ್ಟ ದೇವರು ಧೈರ್ಯದಲ್ಲಿ ಕೈ ಹಿಡಿತ ಮಾಡುವುದಿಲ್ಲ.

ನ್ಯಾಯಾಧೀಶೆ ತೀರ್ಪು ಕೊಡುವಾಗ ದೊಡ್ಡ ಪದ ಬಳಸಲಿಲ್ಲ. "ಒಪ್ಪಂದ ಅಂದ್ರೆ ಇಬ್ರು ಒಪ್ಪಬೇಕು. ಒಬ್ರು ಬರೆದುಕೊಂಡು ಬಂದು, ಇನ್ನೊಬ್ರಿಗೆ ಒಂದು ತೂತು ತೋರಿಸಿ ಇಲ್ಲಿ ಹೆಸರು ಬರಿ ಅಂದ್ರೆ ಅದು ಒಪ್ಪಂದ ಅಲ್ಲ. ಈ ರಟ್ಟು ಇಲ್ಲದೇ ಇದ್ರೂ ನಾನು ಇದನ್ನೇ ಕೇಳ್ತಿದ್ದೆ: ಓದಿ ಬೇಡ ಅಂದಿದ್ರೆ ಇವ್ರಿಗೆ ಕೆಲಸ ಇರ್ತಿತ್ತಾ? ಏಳು ಅಂಗಡಿ ಇರೋರು ಒಂದು ಕಡೆ, ಒಂದು ಕತ್ತರಿ ಇರೋರು ಇನ್ನೊಂದು ಕಡೆ. ಆ ಕತ್ತರಿನೂ ಕಿತ್ಕೊಳ್ಳೋ ಷರತ್ತಿಗೆ ಈ ಕೋರ್ಟು ಕೈ ಜೋಡಿಸಲ್ಲ." ಆ ಷರತ್ತು ಕತ್ತರಿ ಹಿಡಿಯುವ ಯಾರ ಮೇಲೂ ನಡೆಯುವುದಿಲ್ಲ ಎಂದು ಬರೆಸಿದರು. ರಟ್ಟು ಕೋರ್ಟಿನ ವಶಕ್ಕೆ ಹೋಯಿತು. ಗುಂಗುರಕ್ಕ ಅವತ್ತೇ ಮನೆಗೆ ಹೋಗಿ ಸ್ಟೂಲಿನ ಮೇಲೆ ಕೂತಳು.

ಹೊರಗಿನ ಮೆಟ್ಟಿಲ ಮೇಲೆ ಕಿಟಕಿರಾಯ ಕೇಳಿದ್ದು ಒಂದೇ ಪ್ರಶ್ನೆ: "ಯಜಮಾನ್ರೇ, ರಟ್ಟು ವಾಪಸ್ ಕೊಡ್ತಾರಾ?"

ಯಜಮಾನ ಕಾರಿನ ಬಾಗಿಲು ತೆಗೆದ. "ನಾಳೆಯಿಂದ ಬರ್ಬೇಡ ಕಣಯ್ಯಾ," ಎಂದು ಕಾರು ಹತ್ತಿದ. ಹತ್ತು ವರ್ಷದ ಬುದ್ಧಿವಂತ ಒಂದು ವಾಕ್ಯದಲ್ಲಿ ಬೀದಿಗೆ ಬಿದ್ದ. ಅವನ ಮೇಲೆ ಕನಿಕರ ಪಡಬೇಕೆನ್ನಿಸುತ್ತದೆ, ಆದರೆ ಮನೆಗೆ ಹೋಗಿ ಹೆಂಡತಿಗೆ ಅವನು ಹೇಳಿದ್ದು, "ನಾನೇ ಬಿಟ್ಟೆ" ಎಂದು. ಜಟ್ಟಿ ಕೆಳಕ್ಕೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ಅದೃಷ್ಟಕ್ಕೆ ಒಂದು ದೊಡ್ಡ ಬಟ್ಟೆ ಅಂಗಡಿಯವರು ಮೇಲ್ವಿಚಾರಣೆಗೆ ಅವನನ್ನು ಕರೆದರು. ಇನ್ನೇನು ಸೇರಬೇಕು, ಆಗ ಅವನ ಮನೆಗೂ ಯಜಮಾನನ ನೋಟಿಸು ಬಂತು. ಆ ಏಳನೆಯ ಪುಟ ಕೊನೆಗೂ ಬಾಯಿ ಬಿಟ್ಟಿತ್ತು: ಕೆಲಸ ಹೋದ ಮೇಲೆ ಐದು ವರ್ಷ, ಆಳುಗಳಿರುವ ಯಾವ ಅಂಗಡಿಯಲ್ಲೂ ಈ ಊರಿನಲ್ಲಿ ಅವನು ಮೇಲ್ವಿಚಾರಕನಾಗುವಂತಿಲ್ಲ. ಹೆಂಗಸರಿಗೆ ಮೂರು ವರ್ಷ, ಅವನಿಗೆ ಐದು. ಮರ್ಯಾದೆಯ ಪುಟವಲ್ಲವೇ? ಬಟ್ಟೆ ಅಂಗಡಿಯವರು, "ಅದನ್ನ ಬಗೆಹರಿಸಿಕೊಂಡು ಬನ್ನಿ," ಎಂದು ಬಾಗಿಲು ಮುಂದಕ್ಕೆ ಮಾಡಿದರು. ಐವತ್ತು ದಾಟುತ್ತಿದ್ದವನಿಗೆ ಕತ್ತರಿ ಬಾರದು, ಸೂಜಿ ಬಾರದು, ತೂಕ ಬಾರದು. ನಿಂತವರನ್ನು ಕೂತು ನೋಡುವ ವಿದ್ಯೆಯೊಂದೇ ಕೈಯಲ್ಲಿದ್ದದ್ದು. ಅದೂ ಹೋದರೆ ಅವನು ಏನೂ ಅಲ್ಲ, ಇದು ಅವನಿಗೂ ಗೊತ್ತಿತ್ತು. ಅವನು ಮೊದಲ ಸಲ ಹೆದರಿದ.

ಬೇರೆ ದಾರಿ ಕಾಣದೆ ಅದೇ ಪುಕ್ಕಟೆ ವಕೀಲೆಯ ಹತ್ತಿರ ಹೋದ. ಆಕೆ ಏಳೂ ಪುಟ ಓದಿ ಹೇಳಿದಳು: "ಹಳೇ ತೀರ್ಪು ಕತ್ತರಿ ಹಿಡಿಯೋರಿಗೆ ಮಾತ್ರ. ನೀವು ಮೇಲ್ವಿಚಾರಕರು, ಎಲ್ಲಾ ತಿಳಿದೋರು ಅಂತ ಅವ್ರು ವಾದಿಸ್ತಾರೆ. ನೀವೂ ದುರ್ಬಲರೇ ಅಂತ ನಾವು ತೋರಿಸ್ಬೇಕು."

"ದುರ್ಬಲ? ನಾನಾ?"

"ಓದಿರಲಿಲ್ಲ, ಬೇಡ ಅನ್ನೋ ಹಾಗೂ ಇರಲಿಲ್ಲ ಅಂತ ನೀವೇ ಹೇಳ್ಬೇಕು. ಅವತ್ತು ನೋಡಿದೋರು ಒಬ್ರು ಸಾಕ್ಷಿ ಬೇಕು."

ಸಲೂನಿನಲ್ಲಿ ಇನ್ನೂ ಕೆಲಸದಲ್ಲಿದ್ದವರು ಯಜಮಾನನ ವಿರುದ್ಧ ಬಾಯಿ ಬಿಡುವವರಲ್ಲ. ಉಳಿದವಳು ಒಬ್ಬಳೇ. ಎರಡು ದಿನ ಅವನು ಮನೆಯಲ್ಲಿ ಅತ್ತಿಂದಿತ್ತ ಓಡಾಡಿದ. ಮೂರನೆಯ ದಿನ ಹೆಂಡತಿಗೆ ಹೇಳದೆ ಗುಂಗುರಕ್ಕನ ಮನೆಗೆ ಹೋದ.

ಸಣ್ಣ ಕೋಣೆ, ಒಂದು ಕನ್ನಡಿ, ಕುರ್ಚಿಯಲ್ಲಿ ಬಿಳಿ ಬಟ್ಟೆ ಹೊದ್ದು ಕೂತ ಒಬ್ಬ ಗಿರಾಕಿ. ಗುಂಗುರಕ್ಕ ಸ್ಟೂಲಿನ ಮೇಲೆ ಉರುಳಿಕೊಂಡು ಹಿಂದಿನಿಂದ ಕೂದಲು ಸಮ ಮಾಡುತ್ತಿದ್ದಳು. ಕನ್ನಡಿಯೊಳಗಿನ ಮುಖ ನೋಡಿ ಕಿಟಕಿರಾಯ ಹೊಸ್ತಿಲಲ್ಲೇ ನಿಂತ. ಅದು ಅವನ ಹೆಂಡತಿ.

"ಬನ್ನಿ, ಕೂತ್ಕೊಳ್ಳಿ," ಎಂದಳು ಹೆಂಡತಿ, ಕನ್ನಡಿಯಿಂದಲೇ. "ಸರದಿ ಇದೆ ಇಲ್ಲಿ."

"ನೀನು... ಕೇಸು ನಡೀತಿದ್ದಾಗಲೂ ಇಲ್ಲಿಗೇ ಬರ್ತಿದ್ಯಾ?"

"ಕೇಸು ನಿಮ್ಮ ಯಜಮಾನ್ರದ್ದು ರೀ. ಕೂದಲು ನಂದು."

ಅವನು ಗೋಡೆಯ ಪಕ್ಕದ ಬೆಂಚಿನ ತುದಿಯಲ್ಲಿ ಕೂತ. ಏನಮ್ಮಾ ಎಂದು ಕರೆದು ಅಭ್ಯಾಸವಿದ್ದ ನಾಲಿಗೆ ಬೇರೆ ಪದ ಹುಡುಕಬೇಕಾಯಿತು. ಕೊನೆಗೆ, "ಅಕ್ಕಾ," ಎಂದ.

"ಓಹೋ, ಅಕ್ಕ ಆದ್ನಾ?" ಗುಂಗುರಕ್ಕ ತಿರುಗಲಿಲ್ಲ. "ಎಲ್ಲಾ ಗೊತ್ತು ಬಿಡಿ, ನಿಮ್ಮನೆಯವ್ರು ಹೇಳಿದ್ರು. ಒಂದು ಸ್ಟೂಲು ಕೇಳಿದ್ದೆ ನಿಮ್ಮನ್ನ, ನೆನಪಿದ್ಯಾ? ಹೊಸದೂ ಬೇಡ, ಹಿಂದಿನ ಕೋಣೇಲಿ ಟವೆಲ್ ಬಕೆಟ್ ಇಡ್ತಿದ್ವಲ್ಲ, ಅದೇ ಸ್ಟೂಲು. ಬಕೆಟ್ಟಿಗೆ ಕೊಟ್ರಿ, ನಂಗೆ ಕೊಡ್ಲಿಲ್ಲ."

ಅವನು ನೆಲ ನೋಡಿದ. ಹೆಂಡತಿಯ ಕೂದಲು ಅವನ ಚಪ್ಪಲಿಯ ಮೇಲೆ ಬಿದ್ದಿತ್ತು.

"ಬರ್ತೀನಿ ಸಾಕ್ಷಿಗೆ," ಎಂದಳು ಅವಳು. "ನಿಮ್ಮ ಮುಖ ನೋಡಿ ಅಲ್ಲ. ಆ ಪುಟ ಇವತ್ತು ನಿಮ್ಮ ಮೇಲೆ ನಿಂತ್ರೆ, ನಾಳೆ ಅದನ್ನೇ ತಂದು ಇನ್ಯಾರದ್ದೋ ತಲೆ ಮೇಲೆ ಇಡ್ತಾನೆ. ಆದ್ರೆ ಓದಿರಲಿಲ್ಲ ಅಂತ ಇಲ್ಲೇ ಒಂದ್ಸಲ ಹೇಳಿ ನೋಡೋಣ."

ಕಿಟಕಿರಾಯ ತಲೆ ಎತ್ತಿದ. ಕನ್ನಡಿಯಲ್ಲಿ ಇಬ್ಬರು ಹೆಂಗಸರೂ ಕಾಯುತ್ತಿದ್ದರು.

"ಪೂರ್ತಿಯಾಗಿ... ಓದಿರಲಿಲ್ಲ," ಎಂದ.

ಬಿಳಿ ಬಟ್ಟೆಯೊಳಗೆ ಹೆಂಡತಿಯ ಭುಜ ನಗುವಿಗೆ ಕುಣಿಯತೊಡಗಿತು. "ಅಲುಗಾಡ್ಬೇಡಿ, ಕಿವಿ ಹೋಗತ್ತೆ," ಎಂದಳು ಗುಂಗುರಕ್ಕ.

ಅದೇ ಕೋರ್ಟು, ಅದೇ ನ್ಯಾಯಾಧೀಶೆ, ಅದೇ ವಕೀಲ. ವಕೀಲ ಈ ಸಲ ಹುಷಾರಾಗಿದ್ದ, ಕಟ್ಟುಗಿಟ್ಟು ಏನೂ ತಂದಿರಲಿಲ್ಲ. ಬೆಣ್ಣೆಯಲ್ಲಿ ಕೂದಲು ತೆಗೆಯುವ ದನಿಯಲ್ಲಿ ಕೇಳಿದ: "ತಾವು ವಿದ್ಯಾವಂತರು. ಅನುಭವಸ್ಥರು. ನೂರಾರು ಒಪ್ಪಂದ ನಿಮ್ಮ ಕೈಯಲ್ಲಿ ಹೋಗಿದೆ. ತಮ್ಮಂಥೋರು ಓದದೆ ಸಹಿ ಹಾಕಿದ್ರು ಅಂದ್ರೆ ಯಾರಾದ್ರೂ ನಂಬ್ತಾರಾ?"

ಪುಕ್ಕಟೆ ವಕೀಲೆ ಕಣ್ಣಲ್ಲೇ ಬೇಡ ಬೇಡ ಎಂದಳು. ಆದರೆ ಅನುಭವಸ್ಥರು ಎಂಬ ಮಾತು ಆಗಲೇ ಅವನ ಒಳಗೆ ಇಳಿದು ಎದೆಯನ್ನು ಒಂದು ಅಂಗುಲ ಉಬ್ಬಿಸಿತ್ತು. ಯಾರಾದರೂ ಬುದ್ಧಿವಂತ ಎಂದು ಕರೆದು ಎಷ್ಟು ದಿನವಾಗಿತ್ತು! ಕೆಲಸ, ಬಟ್ಟೆ ಅಂಗಡಿ, ಐದು ವರ್ಷ, ಎಲ್ಲ ಮರೆತುಹೋಯಿತು.

"ಓದದೆ ಸಹಿ ಹಾಕೋ ಮನುಷ್ಯ ಅಲ್ಲ ನಾನು," ಎಂದ.

ವಕೀಲೆ ಹಣೆಗೆ ಕೈ ಹಚ್ಚಿದಳು. ವಕೀಲ, "ಅಷ್ಟೇ ಸಾಕು," ಎಂದು ಕೂತ. ತನ್ನ ಬಾಯಿಂದಲೇ ತನ್ನ ಐದು ವರ್ಷವನ್ನು ಉಗಿದ ಮೇಲೆ ಕಿಟಕಿರಾಯನಿಗೆ ಏನು ಹೇಳಿದೆ ಎಂದು ಹೊಳೆಯಿತು.

"ಸುಳ್ಳು ಮೇಡಂ," ಎಂದು ಹಿಂದಿನಿಂದ ಗುಂಗುರಕ್ಕ ಎದ್ದಳು. ಕೂತಿರಿ ಎಂದರೂ ಕೂರದೆ ಕಾಲೆಳೆದುಕೊಂಡು ಮುಂದೆ ಬಂದಳು. "ಇವ್ರು ಓದಿರಲಿಲ್ಲ. ಅವ್ರ ಎದುರಿಗೇ ನಾನು ಸಾಲಲ್ಲಿ ನಿಂತಿದ್ದೆ. ಒಂದು ಪುಟ ಜಾಸ್ತಿ ಅಂತ ಜಂಬ ಹೊಡೆದು, ರಟ್ಟು ಇಟ್ಟು, ನಮ್ಮೆಲ್ರಿಗಿಂತ ಮೊದಲು ಸಹಿ ಗೀಚಿದ್ರು. ಬೇಕಿದ್ರೆ ಆ ರಟ್ಟು ತರಿಸಿ ನೋಡಿ. ಹಸಿರು ಶಾಯಿ ಯಾರದ್ದು ಅಂತ ಕೇಳಿ."

ರಟ್ಟು ಬಂತು. ಎಲ್ಲ ಬಾಲಗಳ ನಡುವೆ, ಎಲ್ಲಕ್ಕಿಂತ ಉದ್ದವಾಗಿ, ಹಸಿರು ಬಾಲಂಗೋಚಿ. ಒಪ್ಪಂದದ ಪುಟದ ಮೇಲೆ ಇಟ್ಟರೆ ಅರ್ಧ ಸಹಿಯೂ ಉಳಿದರ್ಧವೂ ಕೂಡಿಕೊಂಡು ಒಂದಾದವು.

ನ್ಯಾಯಾಧೀಶೆ ಕಿಟಕಿರಾಯನನ್ನು ನೋಡಿದರು. "ಓದಿದ್ರೋ ಇಲ್ವೋ ಬಿಡಿ. ಒಂದು ಮಾತು ಹೇಳಿ. ಅವತ್ತು ಇದು ನಂಗೆ ಬೇಡ ಅಂತ ಯಜಮಾನ್ರಿಗೆ ಹೇಳಿದ್ರೆ ಏನಾಗ್ತಿತ್ತು?"

ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಬೇಡ ಅಂತ?" ಎಂದ. "ಯಜಮಾನ್ರಿಗೆ? ಹಾಗೆಲ್ಲ ಹೇಳೋದುಂಟಾ ಮೇಡಂ?"

ಈ ಸಲ ಯಾರೂ ನಗಲಿಲ್ಲ. ಜೀವನದಲ್ಲಿ ಅವನು ಜಂಬವಿಲ್ಲದೆ ಆಡಿದ ಒಂದೇ ಮಾತು ಅದು, ಆಡಿದ್ದು ಅವನಿಗೇ ತಿಳಿಯಲಿಲ್ಲ. ನ್ಯಾಯಾಧೀಶೆ ಅದನ್ನು ಹಾಗೇ ಬರೆದುಕೊಂಡರು.

ಏಳನೆಯ ಪುಟ ಬಿದ್ದುಹೋಯಿತು, ಅವನು ಗೆದ್ದ. ತೀರ್ಪಿನ ಪ್ರತಿ ಕೈಗೆ ಬಂದಾಗ ಕೋರ್ಟಿನ ಮೊಗಸಾಲೆಯ ಬೆಂಚಿನಲ್ಲಿ ಕೂತು ಮೊದಲ ಅಕ್ಷರದಿಂದ ಕೊನೆಯವರೆಗೆ ಓದಿದ. ಅವನು ಪೂರ್ತಿ ಓದಿದ ಮೊದಲ ಕಾಗದ ಅದು. ಓದಿದ್ದು ಜ್ಞಾನಕ್ಕಲ್ಲ, ಒಂದು ಪದ ಎಷ್ಟು ಕಡೆ ಬಂದಿದೆ ಎಂದು ಹುಡುಕುವುದಕ್ಕೆ. ಪ್ರತಿ ಪುಟದಲ್ಲೂ ಇತ್ತು: ದುರ್ಬಲ ಪಕ್ಷ. ಗುಮಾಸ್ತನ ಹತ್ತಿರ ಹೋಗಿ, "ಈ ಪದ ಒಂದು ತೆಗೆದುಹಾಕೋಕೆ ಆಗತ್ತಾ?" ಎಂದು ಕೇಳಿದ.

"ಅದನ್ನ ತೆಗೆದ್ರೆ ನೀವು ಗೆದ್ದಿದ್ದೂ ಹೋಗತ್ತೆ," ಎಂದ ಗುಮಾಸ್ತ.

ಹೆಂಡತಿ ಮನೆಯಲ್ಲಿ ಆ ಸಾಲನ್ನು ಎರಡು ಸಲ ಓದಿ, "ಕೊನೆಗೂ ನಿಮ್ಮ ಬಗ್ಗೆ ಒಬ್ರು ಸರಿಯಾಗಿ ಬರೆದ್ರು," ಎಂದಳು. ಊರಲ್ಲೆಲ್ಲ ಅವನು ತಾನೇ ವಾದಿಸಿ ಗೆದ್ದೆ ಎಂದು ಹೇಳಿಕೊಂಡು ತಿರುಗಿದ. ಗುಂಗುರಕ್ಕನಿಗೆ ಒಂದು ಕೃತಜ್ಞತೆಯ ಮಾತು ಹೇಳಿದನೇ? ಇಲ್ಲ. ಅವಳು ಕಾದೂ ಇರಲಿಲ್ಲ.

ಬಟ್ಟೆ ಅಂಗಡಿಗೆ ಸೇರುವ ದಿನ ಕಚೇರಿಯಲ್ಲಿ ಅವನ ಹಾಗೆ ಹೊಸದಾಗಿ ಸೇರುವವರ ಸಾಲು ನಿಂತಿತ್ತು. ಮೇಜಿನ ಹಿಂದೆ ಇಸ್ತ್ರಿ ಮಾಡಿದ ಷರ್ಟಿನ ಗುಮಾಸ್ತ, ಜೇಬಿನಲ್ಲಿ ಎರಡು ಪೆನ್ನು. ಒಪ್ಪಂದವನ್ನು ಕೊನೆಯ ಪುಟಕ್ಕೆ ಮಡಿಸಿ ಮುಂದೆ ತಳ್ಳಿದ.

"ಇಲ್ಲೊಂದು ಸಹಿ ಸಾರ್. ಬೇಗ, ಹಿಂದೆ ಜನ ಇದಾರೆ."

ಕಿಟಕಿರಾಯ ಹಸಿರು ಪೆನ್ನು ತೆಗೆದ. ಸುರುಳಿಯ ಮೊದಲ ತಿರುವಿಗೆ ಕೈ ತಾನೇ ಎದ್ದಿತು, ಅಲ್ಲೇ ನಿಂತಿತು. ಆ ದನಿ ಅವನಿಗೆ ಗೊತ್ತಿತ್ತು. ಹಾಗೆಂದು ಅವನು ಆ ಕ್ಷಣ ಒಳ್ಳೆಯವನಾಗಿಬಿಟ್ಟ ಎಂದು ಯಾರೂ ತಿಳಿಯಬೇಕಾಗಿಲ್ಲ. ಅವನಿಗೆ ಆದದ್ದು ಬರೀ ಭಯ. ಮಡಿಸಿದ ಪುಟಗಳನ್ನು ಬಿಡಿಸಿದ. ಬೆರಳು ಸಾಲಿನ ಅಡಿಗೆ ಇಟ್ಟುಕೊಂಡು ನಿಧಾನಕ್ಕೆ ಓದತೊಡಗಿದ, ತುಟಿ ಅಲುಗುತ್ತಿತ್ತು. ಕಿವಿ ಬಿಸಿಯಾಯಿತು. ಐವತ್ತು ವರ್ಷದ ಅನುಭವಸ್ಥ ಎಲ್ಲರೆದುರು ಅಕ್ಷರ ಕೂಡಿಸುವ ಹಾಗಾಯಿತಲ್ಲ ಎಂದು ನಾಚಿಕೆಯಿಂದ ಸಾಯುತ್ತಿದ್ದ. ಎರಡನೆಯ ಪುಟದ ನಡುವೆ ಒಂದು ಸಾಲು ಎಷ್ಟು ಸಲ ಓದಿದರೂ ತಲೆಗೆ ಹತ್ತಲಿಲ್ಲ.

"ಇದರ ಅರ್ಥ ಏನು?" ಎಂದು ಕೇಳಿದ. ದನಿ ಅವನದೇ ಎಂದು ಅವನಿಗೇ ನಂಬಿಕೆ ಬರಲಿಲ್ಲ.

ಗುಮಾಸ್ತ ಪುಟವನ್ನು ತನ್ನ ಕಡೆಗೆ ತಿರುಗಿಸಿಕೊಂಡು ನೋಡಿದ. ಇನ್ನೊಂದು ಸಲ ನೋಡಿದ. ತಲೆ ಕೆರೆದುಕೊಂಡು, ಮುಖದ ತುಂಬ ನಗು ತಂದುಕೊಂಡ.

"ಗೊತ್ತಿಲ್ಲ ಸಾರ್, ಇದುವರೆಗೂ ಯಾರೂ ಕೇಳಿಲ್ಲ. ಎಲ್ಲಾ ನಿಮ್ಮ ಒಳ್ಳೇದಕ್ಕೇ ಇರತ್ತೆ ಬಿಡಿ."

ಕಿಟಕಿರಾಯ ಪೆನ್ನಿನ ಮುಚ್ಚಳ ಹಾಕಿದ. "ಗೊತ್ತಿರೋರನ್ನ ಕರೀರಿ," ಎಂದ. ಹಿಂದಿನ ಸಾಲಿನಲ್ಲಿ ಯಾರೋ ಬೇಸರದಿಂದ ಲೊಚಗುಟ್ಟಿದರು.